ಹದಿನಾಲ್ಕನೇ ಕಥೆಯ ಅಕ್ಕ

ಫೆಬ್ರವರಿ 1, ಭಾನುವಾರ, ಬೆಳಿಗ್ಗೆ 10 ಗಂಟೆ 20 ನಿಮಿಷ. ಹಲಸೂರು ಮಾರುಕಟ್ಟೆಯ ಹಿಂದಿನ ಗಲ್ಲಿ, ಮಸಾಲೆ ಅಂಗಡಿಯ ಪಕ್ಕದ ಮೆಟ್ಟಿಲು. ಹನ್ನೊಂದು ಮೆಟ್ಟಿಲು, ಒಂದು ತಿರುವು, ಮತ್ತೆ ಎಂಟು. ಎರಡು ಸಲ ಎಣಿಸಿದೆ. ಕೆಳಗಿನಿಂದ ಇಂಗಿನ ವಾಸನೆ ಬರುತ್ತಿದೆ. ತಿರುವು ದಾಟಿದ ಮೇಲೆ ಅದು ಸಣ್ಣಗಾಗಿ ಒಣಮೆಣಸಿನಕಾಯಿಯ ಘಾಟು ಮುಂದೆ ಬರುತ್ತದೆ. ಈ ಎರಡು ವಾಸನೆ, ಈ ಕ್ರಮದಲ್ಲಿ, ನಾನು ಮೊದಲು ಓದಿದ್ದೆ. ಆಮೇಲೆ ಹುಡುಕಿದೆ. ಶಿವಾಜಿನಗರದಲ್ಲಿ ಹದಿನೆಂಟು, ಹಲಸೂರಿನಲ್ಲಿ ಇದೂ ಸೇರಿ ಹದಿಮೂರು, ಒಟ್ಟು ಮೂವತ್ತೊಂದು ಮೆಟ್ಟಿಲು ಸಾಲು ಹತ್ತಿ ಇಳಿದಿದ್ದೇನೆ. ಮೇಲಿನ ಬಾಗಿಲಿಗೆ ಬೀಗ ಇದೆ. ಅಂಗಡಿಯವರು ಹೇಳಿದ್ದನ್ನು ಕೊನೆಗೆ ಬರೆಯುತ್ತೇನೆ. ದಿನಾಂಕದ ಕ್ರಮ ತಪ್ಪಿಸಿದರೆ ಏನಾಗುತ್ತದೆ ಎಂದು ಗೊತ್ತಿಲ್ಲ. ದಿನಾಂಕದ ಕ್ರಮವನ್ನೇ ನಂಬಿದರೆ ಏನಾಗುತ್ತದೆ ಎಂಬುದು ಮಾತ್ರ ಹೋದ ಮಳೆಗಾಲದಲ್ಲಿ ಗೊತ್ತಾಯಿತು.

ಹೋದ ಜೂನ್‌ನಲ್ಲಿ ನಮ್ಮ ಆಫೀಸಿನ ಬಸವರಾಜ ಸರ್ ಒಂದು ಸ್ಪರ್ಧೆ ಶುರು ಮಾಡಿದರು. ಅವರು ಹುಬ್ಬಳ್ಳಿಯವರು, ಕಂಪ್ಯೂಟರಿನಲ್ಲಿ ಕನ್ನಡ ಕೂರಿಸುವ ಹುಚ್ಚಿನವರು. ಸ್ಪರ್ಧೆ ಆಟ-ಕಥೆಗಳದ್ದು. ಆಟ-ಕಥೆಯಲ್ಲಿ ಚಿತ್ರ ಇರುವುದಿಲ್ಲ, ಬರೀ ಅಕ್ಷರ. ‘ನೀವು ಒಂದು ಬಾಗಿಲ ಮುಂದೆ ನಿಂತಿದ್ದೀರಿ’ ಎಂದು ಕಥೆ ಹೇಳುತ್ತದೆ. ‘ಬಾಗಿಲು ತೆರೆ’ ಎಂದು ಓದುಗರು ಟೈಪ್ ಮಾಡುತ್ತಾರೆ. ಬಾಗಿಲು ತೆರೆಯುತ್ತದೆ, ಅಥವಾ ಬೀಗ ಹಾಕಿದೆ ಎನ್ನುತ್ತದೆ. ಹಾಗೆ ಒಂದೊಂದೇ ಮಾತಿನಲ್ಲಿ ಕಥೆ ಮುಂದೆ ಹೋಗುತ್ತದೆ.

ನನಗೆ ಬರೆಯಲು ಬರುವುದಿಲ್ಲ, ಎಣಿಸಲು ಬರುತ್ತದೆ. ಹತ್ತನೇ ತರಗತಿಯಿಂದ ದಿನಚರಿ ಇಟ್ಟಿದ್ದೇನೆ. ಅದರಲ್ಲಿ ಭಾವನೆಗಿಂತ ಗಂಟೆ, ನಿಮಿಷ, ಸಂಖ್ಯೆಗಳೇ ಹೆಚ್ಚು. ಬಸವರಾಜ ಸರ್‌ಗೆ ಅಂಥವರೇ ಬೇಕಾಗಿತ್ತು. ಕರಡುಗಳನ್ನು ಮೊದಲೇ ಆಡಿ ನೋಡಿ ಎಲ್ಲಿ ಕಥೆ ಮುಗ್ಗರಿಸುತ್ತದೆ ಎಂದು ಹೇಳುವ ಕೆಲಸ ಕೊಟ್ಟರು. ಬರೆದವರು ಊಹಿಸದೇ ಇದ್ದದ್ದನ್ನೆಲ್ಲ ಟೈಪ್ ಮಾಡಿ ನೋಡಬೇಕು. ಗೋಡೆ ನೆಕ್ಕಬೇಕು, ದೀಪ ತಿನ್ನಬೇಕು, ಪೊಲೀಸರಿಗೆ ಹಾಡು ಹೇಳಬೇಕು. ನಾನು ನಲವತ್ತು ಅಪ್ಪಣೆಗಳ ಒಂದು ಪಟ್ಟಿ ಮಾಡಿಕೊಂಡೆ. ಎಲ್ಲ ಕಥೆಗೂ ಅದೇ ಪಟ್ಟಿ, ಅದೇ ಕ್ರಮ. ಪಟ್ಟಿ ಬರೆದದ್ದು ಜೂನ್ 24ರ ಬೆಳಿಗ್ಗೆ, ಬೈಯಪ್ಪನಹಳ್ಳಿಯಲ್ಲಿ ಮೆಟ್ರೊ ಹತ್ತಿದ ಮೇಲೆ, ಕೆ.ಆರ್. ಪುರ ಬರುವುದರೊಳಗೆ. ಅಷ್ಟು ಬೇಗ ಬರೆದಿದ್ದೆ. ನಾನು ಟೈಪ್ ಮಾಡಿದ್ದು, ಕಥೆ ಉತ್ತರಿಸಿದ್ದು, ಎರಡೂ ಒಂದು ಕಡತವಾಗಿ ತಾನೇ ಬರೆದವರಿಗೆ ಹೋಗುತ್ತಿತ್ತು. ನಾನು ಅದನ್ನು ತಿರುಗಿ ನೋಡುತ್ತಿರಲಿಲ್ಲ.

ಜುಲೈ ಪೂರ್ತಿ ಸಂಜೆಯ ಮಳೆ. ಆಫೀಸಿನ ಹತ್ತಿರದ ಜಂಕ್ಷನ್‌ನಲ್ಲಿ ನೀರು ನಿಂತು ಬಸ್ಸುಗಳು ಕದಲುತ್ತಿರಲಿಲ್ಲ. ಮನೆಗೆ ಬಂದು, ಊಟ ಮಾಡಿ, ಅಮ್ಮ ಟಿವಿ ಮುಂದೆ ಕೂತಾಗ ನಾನು ಪಕ್ಕದಲ್ಲೇ ಲ್ಯಾಪ್‌ಟಾಪ್ ಇಟ್ಟುಕೊಂಡು ಆಡುತ್ತಿದ್ದೆ. ಎಂಟು ಕರಡು ಆಡಿದೆ. ಒಂದು ದಂಡು ಪ್ರದೇಶದ ಹಳೆ ಬಂಗಲೆಯಲ್ಲಿ ನಡೆಯುತ್ತದೆ. ಇನ್ನೊಂದು ಕಮರ್ಷಿಯಲ್ ಸ್ಟ್ರೀಟಿನ ಬಟ್ಟೆ ಅಂಗಡಿಯಲ್ಲಿ. ಒಂದು ಆಕಾಶದಲ್ಲಿ ಕೆಟ್ಟು ನಿಂತ ನೌಕೆಯೊಳಗೆ. ಒಂದರಲ್ಲಿ ಓದುಗರೇ ಬೆಕ್ಕು.

ಕೊನೆಯ ದಿನ ಆಗಸ್ಟ್ 31. ಒಟ್ಟು ಹದಿನೇಳು ಕಥೆ ಬಂದವು. ಹೆಸರು ಮುಚ್ಚಿ, ಚೀಟಿ ಎತ್ತಿ ಒಂದೊಂದಕ್ಕೆ ಒಂದು ಸಂಖ್ಯೆ ಕೊಟ್ಟೆವು. ತೀರ್ಪುಗಾರರಿಗೆ ಕಳಿಸುವ ಮುಂಚೆ ಪ್ರತಿ ಕಥೆ ಶುರುವಾಗುತ್ತದೆಯೇ ಎಂದು ನೋಡುವುದು ನನ್ನ ಕೆಲಸ. ಮೊದಲ ಮೂರು ಅಪ್ಪಣೆ ಮಾತ್ರ ಕೊಡುವುದು. ಹದಿನಾಲ್ಕನೇ ಕಥೆ ಕೊನೆಯ ದಿನ ಸಂಜೆ ಬಂದದ್ದು, ಅದಕ್ಕೆ ಕರಡು ಇರಲಿಲ್ಲ. ಅದರಲ್ಲಿ ‘ನೋಡು’ ಎಂದು ಟೈಪ್ ಮಾಡಿದರೆ ‘ಅದರಿಂದ ಇಲ್ಲಿ ಏನೂ ಸಿಗುವುದಿಲ್ಲ’ ಎಂದು ಬಂತು. ಯಾವ ಆಟ-ಕಥೆಯಲ್ಲೂ ಕೆಲಸ ಮಾಡಲೇಬೇಕಾದ ಅಪ್ಪಣೆ ಅದು. ನಾನು ಬರೆದುಕೊಂಡೆ: ‘14: ನೋಡು ಕೆಲಸ ಮಾಡುತ್ತಿಲ್ಲ. ದೋಷ. ಮೂರು ಅಂಕ ಕಡಿಮೆ.’

ಸೆಪ್ಟೆಂಬರ್ 12, ಶುಕ್ರವಾರ. ಊಟದ ಹೊತ್ತಿನಲ್ಲಿ ಬಸವರಾಜ ಸರ್ ಡಬ್ಬಿ ಹಿಡಿದುಕೊಂಡು ನನ್ನ ಮೇಜಿಗೇ ಬಂದರು.

“ಏನ್ರೀ ಪ್ರತಿಮಾ, ನೀವು ಕಥೆ ಎಲ್ಲಾ ಆಡೀರೇನು?”

“ಕರಡು ಆಡಿದ್ದೆ ಸರ್. ಕೊನೇ ರೂಪ ಇನ್ನೂ ಆಡಿಲ್ಲ.”

“ಆಡ್ರಿ. ನಾನು ಒಂಬತ್ತು ಓದೀನಿ. ಐದರಾಗ ಒಬ್ಬಾಕಿ ಅಕ್ಕ ಮೆಟ್ಟಿಲ ಮ್ಯಾಲೆ ನಿಂತಾಳ. ಬಂಗಲೆದಾಗೂ ಆಕಿನೇ, ಬಟ್ಟೆ ಅಂಗಡಿಯಾಗೂ ಆಕಿನೇ. ಏನಿದು, ಬೆಂಗಳೂರಾಗ ಅಕ್ಕಂದಿರ ಸುಗ್ಗಿ ಬಂದೈತೇನು?”

ನಾನು ನಕ್ಕೆ. ಆ ಸಂಜೆ ಮೆಟ್ರೊದಲ್ಲಿ ನಿಂತುಕೊಂಡೇ ಬಂಗಲೆಯ ಕಥೆ ತೆಗೆದೆ. ಕರಡಿನಲ್ಲಿ ಖಾಲಿ ಇದ್ದ ಮೆಟ್ಟಿಲು. ಈಗ ಹೀಗಿತ್ತು: ‘ಮೆಟ್ಟಿಲ ತಿರುವಿನಲ್ಲಿ ಅಕ್ಕ ನಿಂತಿದ್ದಾಳೆ. ಕೈಯಲ್ಲಿ ಒದ್ದೆ ಕೊಡೆ. ನೀವು ಕರೆದದ್ದು ಅವಳಿಗೆ ಕೇಳಿಸಿದೆ. ಅವಳು ತಿರುಗುವುದಿಲ್ಲ.’ ನಾನು ಇಳಿಯಬೇಕಾದ ನಿಲ್ದಾಣ ದಾಟಿ ಹೋಯಿತು.

ನನಗೆ ಒಬ್ಬಳು ಅಕ್ಕ ಇದ್ದಳು. ಉಷಾ. ನನಗಿಂತ ಎಂಟು ವರ್ಷ ದೊಡ್ಡವಳು. ದಂಡಿನ ಕಡೆ ಒಂದು ವಿಮಾ ಕಚೇರಿಯಲ್ಲಿ ಕೆಲಸ. ಮೂರು ವರ್ಷದ ಹಿಂದೆ ಅಕ್ಟೋಬರ್‌ನ ಒಂದು ಭಾನುವಾರ ಜ್ವರ ಬಂತು, ಮುಂದಿನ ಶನಿವಾರ ಹೋದಳು. ಆಫೀಸಿನಲ್ಲಿ ಇದು ಯಾರಿಗೂ ಗೊತ್ತಿರಲಿಲ್ಲ. ಹೇಳುವ ಸಂದರ್ಭ ಬಂದಿರಲಿಲ್ಲ, ಬಂದಾಗ ಹೇಳಿರಲಿಲ್ಲ. ಮನೆಯಲ್ಲೂ ಅವಳ ಮಾತು ಬರುತ್ತಿರಲಿಲ್ಲ. ಅದಕ್ಕೆ ಬೇರೆಯೇ ಕಾರಣ ಇತ್ತು. ಕೊನೆಯ ವರ್ಷ ಅವಳು ಮಂಗಳವಾರ ಮತ್ತು ಶುಕ್ರವಾರ ಮನೆಗೆ ತಡವಾಗಿ ಬರುತ್ತಿದ್ದಳು. ಉಳಿದ ದಿನ ಆರೂ ನಲವತ್ತು, ಆ ಎರಡು ದಿನ ಎಂಟು ದಾಟುತ್ತಿತ್ತು. ನನ್ನ ದಿನಚರಿಯಲ್ಲಿ ಅಂಥ ಅರವತ್ತೊಂದು ಸಂಜೆಗಳಿವೆ. ಎಲ್ಲಿಗೆ ಹೋಗಿದ್ದೆ ಎಂದರೆ “ಕೆಲಸ ಇತ್ತು” ಎನ್ನುತ್ತಿದ್ದಳು. ಅಮ್ಮ ನಂಬಲಿಲ್ಲ. ಜ್ವರ ಬರುವ ಹಿಂದಿನ ಶುಕ್ರವಾರ ಬಾಗಿಲಲ್ಲೇ ನಿಲ್ಲಿಸಿ, “ಯಾರ ಜೊತೆ ಸುತ್ತಾಡ್ಕೊಂಡು ಬರ್ತೀಯೇ? ನಾಳೆ ಸಂಬಂಧ ಕೇಳ್ಕೊಂಡು ಬಂದವ್ರಿಗೆ ಏನು ಹೇಳ್ಲಿ?” ಎಂದಿದ್ದರು. ಅಕ್ಕ ಚಪ್ಪಲಿ ಬಿಟ್ಟು ಒಳಗೆ ಹೋದಳು. ಅಮ್ಮ ಅವಳೊಡನೆ ಸರಿಯಾಗಿ ಆಡಿದ ಕೊನೆಯ ಮಾತು ಅದೇ.

ಆ ವಾರ ಎಲ್ಲ ಕಥೆಗಳನ್ನೂ ಜಾಲಾಡಿದೆ. ಆಡಲಿಲ್ಲ. ಕಡತ ತೆರೆದು ‘ಅಕ್ಕ’ ಎಂಬ ಪದ ಹುಡುಕಿ ಎಣಿಸಿದೆ. ಹದಿನೇಳರಲ್ಲಿ ಏಳು ಕಥೆಗಳಲ್ಲಿ ಅವಳಿದ್ದಳು. ಏಳರಲ್ಲೂ ಮೆಟ್ಟಿಲು ಇತ್ತು, ಏಳರಲ್ಲೂ ಯಾರೋ ಆ ಮೆಟ್ಟಿಲನ್ನು ಎಣಿಸುತ್ತಿದ್ದರು. ಯಾವ ಅಕ್ಕನಿಗೂ ಹೆಸರಿರಲಿಲ್ಲ, ಮುಖದ ವರ್ಣನೆ ಇರಲಿಲ್ಲ. ನೌಕೆಯಲ್ಲಿ ಮೆಟ್ಟಿಲು ಯಾಕೆ ಬೇಕು ಎಂದು ನಾನು ಯೋಚಿಸಬೇಕಾಗಿತ್ತು. ಯೋಚಿಸದೆ ಕೋಷ್ಟಕ ಮಾಡಿದೆ, ದಿನಾಂಕದ ಕ್ರಮದಲ್ಲಿ. ಆರು ಕಥೆಗಳ ಕರಡು ಎಲ್ಲ ಸ್ಪರ್ಧಿಗಳೂ ತೆರೆಯಬಹುದಾದ ಒಂದೇ ಜಾಗದಲ್ಲಿದ್ದವು. ಆಗಸ್ಟ್ 20ರ ಹೊತ್ತಿಗೆ ಆರಕ್ಕೂ ಅಕ್ಕ ಬಂದಾಗಿತ್ತು. ಹದಿನಾಲ್ಕನೆಯದು ಬಂದದ್ದು ಹನ್ನೊಂದು ದಿನ ತಡವಾಗಿ, ಕರಡಿಲ್ಲದೆ. ನನ್ನ ಕೋಷ್ಟಕದ ಪ್ರಕಾರ ಕೊನೆಗೆ ಬಂದವರೇ ಕದ್ದವರು.

“ಆರು ಮಂದಿ ಒಬ್ರನ್ನ ನೋಡಿ ಒಬ್ರು ಬರದಾರಂತ ಇಟ್ಕೊಳ್ಳೋಣ. ಗೆಳ್ಯಾರು, ಕರಡು ಹಂಚ್ಕೊಂಡಾರ. ಈ ಹದಿನಾಲ್ಕು ಯಾರು?” ಎಂದರು ಬಸವರಾಜ ಸರ್.

“ಗೊತ್ತಿಲ್ಲ ಸರ್. ಮೇಲ್ ವಿಳಾಸ ಬಿಟ್ಟು ಏನೂ ಕೊಟ್ಟಿಲ್ಲ. ಹೆಸರಿನ ಜಾಗದಲ್ಲಿ ಬರೀ ‘ಓದುಗ’ ಅಂತ ಇದೆ.”

“ಕೇಳಿಬಿಡ್ರಿ ಹಂಗಾದ್ರ. ಮಾತು ಸೌಮ್ಯ ಇರ್ಲಿ.”

ಸೌಮ್ಯವಾಗಿಯೇ ಬರೆದೆ. ನಿಮ್ಮ ಕಥೆಯ ಅಕ್ಕನ ಪಾತ್ರ ಬೇರೆ ಕಥೆಗಳನ್ನು ಹೋಲುತ್ತದೆ, ಈ ಪಾತ್ರ ಎಲ್ಲಿಂದ ಬಂತು ಎಂದು ದಯವಿಟ್ಟು ತಿಳಿಸಿ ಎಂದು. ಸೆಪ್ಟೆಂಬರ್ 19, ಬೆಳಿಗ್ಗೆ 11:05ಕ್ಕೆ ಕಳಿಸಿದೆ. ಅದೇ ದಿನ ಮಧ್ಯಾಹ್ನ 2:30ಕ್ಕೆ ಉತ್ತರ ಬಂತು. ‘ಅವರನ್ನು ನಾನು ಯಾರ ಕಥೆಯಿಂದಲೂ ತಂದಿಲ್ಲ. ಅವರು ಬರುತ್ತಿದ್ದರು. ನಿಮಗೆ ತೊಂದರೆ ಆಗುವುದಾದರೆ ಕಥೆಯನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.’ ನಾವು ಒಪ್ಪಿಕೊಂಡೆವು. ದಿನಚರಿಯಲ್ಲಿ ‘ಉಳಿದದ್ದು 16’ ಎಂದು ಬರೆದೆ.

ಅಕ್ಟೋಬರ್ 5, ಭಾನುವಾರ, ಫಲಿತಾಂಶ. ಇಂದಿರಾನಗರದಲ್ಲಿ ಒಬ್ಬರ ಮನೆಯ ತಾರಸಿ. ಹನಿ ಬೀಳುತ್ತಿತ್ತು, ಶೀಟಿನ ಕೆಳಗೆ ಕುರ್ಚಿ ಎಳೆದುಕೊಂಡು ಕೂತಿದ್ದೆವು. ಎರಡನೇ ಬಹುಮಾನ ಬಂಗಲೆಯ ಕಥೆಗೆ ಬಂತು. ಹೆಸರು ತೆರೆದಾಗ ಎದ್ದು ನಿಂತವರು ಇಮ್ರಾನ್, ಶಿವಾಜಿನಗರದಲ್ಲಿ ಗುಂಡಿ, ಲೇಸು, ದಾರ ಮಾರುವ ಅಂಗಡಿಯವರು. ಚಹಾದ ಹೊತ್ತಿನಲ್ಲಿ ನನ್ನ ಹತ್ತಿರ ಬಂದರು.

“ನೀವೇ ಅಲ್ವಾ ಟೆಸ್ಟ್ ಮಾಡಿದ್ದು? ಬಹಳ ಥ್ಯಾಂಕ್ಸ್ ಮೇಡಂ. ಅಕ್ಕ ಇಲ್ದೆ ಇದ್ದಿದ್ರೆ ನನ್ನ ಕಥೆಗೆ ಏನೂ ಬರ್ತಿರ್ಲಿಲ್ಲ.”

“ಅಕ್ಕನ್ನ ನಾನೇನು ಮಾಡ್ದೆ? ನೀವೇ ಬರೆದಿದ್ದಲ್ವಾ?”

“ಅರೆ! ಕೇಳಿದ್ದು ನೀವಲ್ವಾ?” ಇಮ್ರಾನ್ ಫೋನ್ ತೆಗೆದು ಕಡತ ತೋರಿಸಿದರು. “ಇದು ನೋಡಿ. ಒಂಬತ್ತು ಸಲ ಕರ್ದಿದೀರ. ಹಾಲಲ್ಲಿ ಒಂದ್ಸಲ, ಅಡಿಗೆಮನೇಲಿ ಎರಡ್ಸಲ, ಮೆಟ್ಟಿಲ ಹತ್ರ ಬಂದು ಬಂದು ಕರ್ದಿದೀರ. ನನ್ನ ಕಥೆ ಪಾಪ ‘ಅರ್ಥವಾಗಲಿಲ್ಲ, ಅರ್ಥವಾಗಲಿಲ್ಲ’ ಅಂತಾನೇ ಇದೆ. ಯಾರೋ ನಿಜವಾಗ್ಲೂ ಹುಡುಕ್ತಾ ಇದಾರೆ ಅನ್ನಿಸ್ಬಿಡ್ತು. ಅದಕ್ಕೇ ಒಬ್ಳನ್ನ ಇಟ್ಟೆ.”

ಪಕ್ಕದಲ್ಲಿ ಕೂತಿದ್ದ ಬೆಕ್ಕಿನ ಕಥೆಯವಳು ತಲೆ ಎತ್ತಿ, “ನನ್ಗೂ ಹಂಗೇ ಬಂತು! ನಾನು ರೂಲ್ಸ್ ಅಂದ್ಕೊಂಡೆ!” ಎಂದಳು. ಎಲ್ಲರೂ ನಕ್ಕರು.

ನಾನು ದಿನಚರಿಯ ಹಿಂದೆ ಅಂಟಿಸಿದ್ದ ಪಟ್ಟಿ ತೆಗೆದೆ. ಇಪ್ಪತ್ತಮೂರು: ಅಕ್ಕನನ್ನು ಕರೆ. ಇಪ್ಪತ್ತನಾಲ್ಕು: ಮೆಟ್ಟಿಲು ಎಣಿಸು. ನನ್ನದೇ ಅಕ್ಷರ. ಪಟ್ಟಿಯಲ್ಲಿ ಅದು ಒಂದೇ ಸಲ ಇದೆ. ಉಳಿದ ಎಂಟು ಸಲ ನಾನು ಯಾಕೆ ಕರೆದೆ ಎಂಬುದು ಯಾವ ಪಟ್ಟಿಯಲ್ಲೂ ಇಲ್ಲ. ಜುಲೈನ ಎಂಟು ಕಡತಗಳನ್ನೂ ಆ ವಾರ ತರಿಸಿಕೊಂಡು ಎಣಿಸಿದೆ. ಒಟ್ಟು ಐವತ್ತನಾಲ್ಕು ಸಲ ಕರೆದಿದ್ದೆ. ಟಿವಿ ನೋಡುತ್ತಿದ್ದ ಅಮ್ಮನ ಪಕ್ಕದಲ್ಲೇ ಕೂತು. ನನಗೆ ಒಂದೂ ನೆನಪಿಲ್ಲ. ಆ ಎಂಟು ಕರಡು ಬರೆದವರಲ್ಲಿ ಆರು ಜನ, ಒಬ್ಬರಿಗೊಬ್ಬರು ಹೇಳಿಕೊಳ್ಳದೆ, ಉತ್ತರ ಕೊಟ್ಟಿದ್ದರು.

ಹಾಗಾದರೆ ಹದಿನಾಲ್ಕು? ಆ ಕಥೆಗೆ ನಾನು ಪಟ್ಟಿ ಓಡಿಸಿರಲೇ ಇಲ್ಲ. ಅದರ ಅಕ್ಕ ನನ್ನಿಂದ ಹೋದವಳಲ್ಲ.

ತಾರಸಿಯಿಂದ ಇಳಿಯುವಾಗಲೇ ಬಸವರಾಜ ಸರ್‌ಗೆ ಹೇಳಿದೆ, ಅಕ್ಕ ಇದ್ದದ್ದು, ಹೋದದ್ದು, ಎಲ್ಲ. ಅವರು ಕೊನೆಯ ಮೆಟ್ಟಿಲವರೆಗೂ ಇಳಿದರು. ಆಮೇಲೆ, “ಆ ಕಥಿಯಾಗ ‘ನೋಡು’ ನಡೀಲಿಲ್ಲ ಅಂದ್ರಿ ಅಲ್ಲೇನು?” ಎಂದರು. “ನಮ್ಮ ಬುದ್ಧಿ ಎಲ್ಲಿ ಹೋಗಿತ್ತ್ರೀ. ಕಣ್ಣು ಕಾಣದವ್ರು ಇಂಥ ಆಟ ಬಾಳ ಆಡ್ತಾರ. ಬರೇ ಅಕ್ಷರ ಅಲ್ಲೇನು, ಫೋನ್ ಓದಿ ಹೇಳ್ತದ. ಅದು ದೋಷ ಅಲ್ಲ. ಅವ್ರಿಗೆ ಅದು ಉಪಯೋಗಕ್ಕ ಬರೂದಿಲ್ಲ, ಅಷ್ಟ.”

ಮರುದಿನ ರಜೆ ಹಾಕಿ ಹದಿನಾಲ್ಕನೇ ಕಥೆ ಆಡಿದೆ. ಬೆಳಿಗ್ಗೆ 9:10ರಿಂದ 12:45. ಅದರಲ್ಲಿ ಒಂದೇ ಕೋಣೆ. ಓದುಗರು ಕುರ್ಚಿಯಲ್ಲಿ ಕೂತಿರುತ್ತಾರೆ. ಕೆಳಗಿನಿಂದ ಇಂಗಿನ ವಾಸನೆ, ಮೇಲೆ ಬಂದಂತೆ ಮೆಣಸಿನಕಾಯಿ ಘಾಟು. ‘ಕೇಳು’ ಎಂದರೆ ಮಾತ್ರ ಕಥೆ ಬಿಚ್ಚಿಕೊಳ್ಳುತ್ತದೆ. ಮಂಗಳವಾರ, ಶುಕ್ರವಾರ, ಆರು ಗಂಟೆ. ಹನ್ನೊಂದು ಹೆಜ್ಜೆ, ಒಂದು ನಿಲುಗಡೆ, ಎಂಟು ಹೆಜ್ಜೆ. ‘ಅಕ್ಕ ಬಂದರು. ಚೀಲ ಕೆಳಗಿಟ್ಟರು. ನಿನ್ನೆ ಎಲ್ಲಿಗೆ ನಿಲ್ಲಿಸಿದ್ವಿ ಎಂದು ಕೇಳುತ್ತಾರೆ. ನಿನ್ನೆ ಅಲ್ಲ, ಶುಕ್ರವಾರ ಎಂದು ನೀವು ನಗುತ್ತೀರಿ.’ ಅವರು ಪರೀಕ್ಷೆಯ ಪುಸ್ತಕ ಓದುತ್ತಾರೆ. ನೀವು ಅದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳುತ್ತೀರಿ. ಆಮೇಲೆ ಈ ಸಾಲು: ‘ತಪ್ಪು ಓದಿದರೆ ಅಕ್ಕ ಮೇಜನ್ನು ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟುತ್ತಾರೆ. ಅದು ಅಳಿಸು ಎಂದು. ತಟ್ಟಿ, ಮತ್ತೆ ಮೊದಲಿಂದ ಓದುತ್ತಾರೆ.’

ಉಷಾ ಮನೆಯಲ್ಲಿ ಮಾತಾಡುವಾಗಲೂ ಹಾಗೆಯೇ ಮಾಡುತ್ತಿದ್ದಳು. ಬಾಯಿ ತಪ್ಪಿ ಏನಾದರೂ ಅಂದರೆ ಊಟದ ಮೇಜನ್ನೋ ಗೋಡೆಯನ್ನೋ ಟಕ್ ಟಕ್ ಎಂದು ತಟ್ಟಿ, ಸರಿಯಾದ ಮಾತನ್ನು ಮತ್ತೆ ಹೇಳುವಳು. ಎಲ್ಲಿ ಕಲಿತಳೋ ಎಂದು ನಾವು ನಗುತ್ತಿದ್ದೆವು. ನಾನು ಈ ಕಥೆಯಲ್ಲಿ ಅವಳನ್ನು ಎಣಿಸಿದ್ದೆ, ಓದಿರಲಿಲ್ಲ. ನಲವತ್ತೆರಡು ಸಲ ಇದ್ದಳು.

ಕಥೆಯ ಕೊನೆಯ ಭಾಗ ಒಂದು ಮಂಗಳವಾರ. ಆರು ಗಂಟೆ ಆಗುತ್ತದೆ. ಹೆಜ್ಜೆ ಕೇಳುವುದಿಲ್ಲ. ‘ಅಕ್ಕನನ್ನು ಕರೆ’ ಎಂದು ಟೈಪ್ ಮಾಡಿದೆ. ‘ಅವರ ನಂಬರು ಬಂದ್ ಆಗಿದೆ’ ಎಂದು ಬಂತು. ನಿಜ. ಅವಳ ಫೋನನ್ನು ನಾವು ಜ್ವರ ಬಂದ ಎರಡನೇ ದಿನವೇ ಆರಿಸಿಟ್ಟಿದ್ದೆವು, ತಿಂಗಳೊಳಗೆ ಅಪ್ಪ ಆ ನಂಬರನ್ನೇ ಮುಚ್ಚಿಸಿದರು. ಯಾರು ಯಾರು ಕರೆ ಮಾಡಿದ್ದರೋ ಯಾರೂ ನೋಡಲಿಲ್ಲ. ಮುಂದೆ ಕಥೆಯಲ್ಲಿ ಮೂರು ದಾರಿ ಇವೆ. ಅವರಿಗೆ ಬೇಸರವಾಯಿತು ಎಂದುಕೊಳ್ಳಿ. ಅವರಿಗೆ ಮದುವೆಯಾಯಿತು ಎಂದುಕೊಳ್ಳಿ. ನೀವು ಏನೋ ಅಂದಿರಿ ಎಂದುಕೊಳ್ಳಿ. ಯಾವುದನ್ನು ಆರಿಸಿದರೂ ಮತ್ತೆ ಅದೇ ಕುರ್ಚಿ, ಅದೇ ಆರು ಗಂಟೆ. ಉಳಿಯುವುದು ‘ಕಾಯಿರಿ’ ಒಂದೇ. ನಾನು ನೂರಾ ಹತ್ತು ಸಲ ಒತ್ತಿದೆ. ಒಂದೊಂದು ಸಲವೂ ಹೊರಗಿನ ಸದ್ದು ಬದಲಾಗುತ್ತದೆ, ಮಳೆ, ಮಸೀದಿಯ ಬಾಂಗು, ರೈಲು, ಹಬ್ಬದ ಪಟಾಕಿ. ಕಥೆ ಮುಗಿಯುವುದಿಲ್ಲ. ಕಡತ ತೆರೆದು ನೋಡಿದೆ. ಮುಕ್ತಾಯವನ್ನು ಬರೆದೇ ಇಲ್ಲ.

ಆ ಕ್ಷಣವೇ ಮೇಲ್ ಮಾಡಿದೆ. ವಾಪಸ್ ಬಂತು, ಆ ವಿಳಾಸ ಈಗ ಇಲ್ಲ ಎಂದು. ಇಲ್ಲಿಯವರೆಗೆ ಹನ್ನೆರಡು ಸಲ ಕಳಿಸಿದ್ದೇನೆ. ಹನ್ನೆರಡೂ ವಾಪಸ್.

ಅಮ್ಮನಿಗೆ ಹೇಳಲು ಹದಿನೈದು ದಿನ ಬೇಕಾಯಿತು. ಅಕ್ಟೋಬರ್ 21ರ ಮಧ್ಯಾಹ್ನ, ಅವರು ಅವರೆಕಾಯಿ ಬಿಡಿಸುತ್ತಾ ಕೂತಿದ್ದಾಗ, ಪಕ್ಕದಲ್ಲಿ ಕೂತು ಕಥೆಯನ್ನು ಮೊದಲಿಂದ ಓದಿದೆ. ಎಲ್ಲಿಯೂ ನಿಲ್ಲಿಸಲಿಲ್ಲ. ಮೇಜು ತಟ್ಟುವ ಸಾಲು ಬಂದಾಗ ಅಮ್ಮನ ಕೈ ನಿಂತಿತು. ಮತ್ತೆ ಬಿಡಿಸತೊಡಗಿದರು. ಕಾಳನ್ನು ಸಿಪ್ಪೆಯ ಪಾತ್ರೆಗೆ ಹಾಕುತ್ತಿದ್ದರು, ನಾನು ಓದುತ್ತಾ ಹೋದೆ.

“ಕಣ್ಣು ಕಾಣದವ್ರಿಗೆ ಓದಿ ಹೇಳೋಕೆ ಹೋಗ್ತಿದ್ಲಾ?”

“ಹೂಂ ಅಮ್ಮ.”

“ನಂಗೆ ಹೇಳ್ಬಹುದಿತ್ತಲ್ಲ. ನಾನೇನು ಬೇಡ ಅಂತಿದ್ನಾ?” ಎಂದರು. ಇನ್ನೊಂದು ಕಾಯಿ ಬಿಡಿಸಿ, “ಅಂತಿದ್ನೇನೋ” ಎಂದರು.

ಆಮೇಲೆ ಅಡಿಗೆಮನೆಯಿಂದಲೇ ಕೇಳಿದರು. “ಪ್ರತೀ, ಅವ್ರಿಗೆ ಗೊತ್ತಾ? ಅವಳು ಹೋದದ್ದು?”

ನನ್ನ ಯಾವ ಕೋಷ್ಟಕದಲ್ಲೂ ಆ ಪ್ರಶ್ನೆ ಇರಲಿಲ್ಲ. ಅವರಿಗೆ ಗೊತ್ತಿಲ್ಲ. ಗೊತ್ತಿದ್ದಿದ್ದರೆ ಮೂರು ದಾರಿ ಇರುತ್ತಿರಲಿಲ್ಲ, ಒಂದೇ ಇರುತ್ತಿತ್ತು.

ಅಂದಿನಿಂದ ಭಾನುವಾರಗಳು ಮೆಟ್ಟಿಲಿಗೆ, ಅಕ್ಕನ ಕಚೇರಿಯ ಸುತ್ತಲಿನ ಮಸಾಲೆ ಅಂಗಡಿಗಳ ಪಕ್ಕದವು. ಇಂದು ಬೆಳಿಗ್ಗೆ ಕೆಳಗಿನ ಮಸಾಲೆ ಅಂಗಡಿಯ ಸೆಲ್ವಿಯಮ್ಮ ಹೇಳಿದ್ದು ಇಷ್ಟು. “ಮೇಲೆ ಒಬ್ರು ಸಾರ್ ಇದ್ರು ಮ್ಮಾ. ಕಣ್ಣು ತೆರಿಯಲ್ಲ, ಕಾಣಲ್ಲ ಅವ್ರಿಗೆ. ಯಾವಾಗ್ಲೂ ಪರೀಕ್ಷೆ, ಪರೀಕ್ಷೆ. ಹೋದ್ ವರ್ಷ ಯುಗಾದಿ ಆದ್ಮೇಲೆ ಪಾಸಾಯ್ತು, ಕೆಲ್ಸ ಸಿಕ್ತು ಅಂತ ಸ್ವೀಟ್ ಕೊಟ್ಟು ಖಾಲಿ ಮಾಡ್ಕೊಂಡು ಹೋದ್ರು. ಯಾವೂರೋ ಗೊತ್ತಿಲ್ಲ. ಹೆಸ್ರಾ? ಸಾರ್ ಅಂತಾನೇ ಕರೀತಿದ್ವಿ.” ಮನೆಯ ಮಾಲೀಕರು ಕಳೆದ ವರ್ಷ ತೀರಿಕೊಂಡರಂತೆ, ಬಾಡಿಗೆ ಕಾಗದ ಯಾರ ಹತ್ತಿರವೂ ಇಲ್ಲ.

“ಒಬ್ರು ಮೇಡಂ ಬರ್ತಿದ್ರಾ?”

“ಬರ್ತಿದ್ರು, ಬರ್ತಿದ್ರು. ಆಮೇಲೆ ಬರ್ಲೇ ಇಲ್ಲ. ಸಾರ್ ದಿನಾ ಕೆಳಗೆ ಇಳ್ದು ಕೇಳೋರು, ಸೆಲ್ವಿಯಮ್ಮ, ಅಕ್ಕ ಈ ಕಡೆ ಬಂದ್ರಾ ಅಂತ. ನಾನು ಏನ್ ಹೇಳ್ಲಿ ಮ್ಮಾ? ಬರ್ತಾರೆ ಅಂತಾನೇ ಹೇಳ್ತಿದ್ದೆ.”

ಇದನ್ನು ಓದುವವರಲ್ಲಿ ಯಾರಿಗಾದರೂ ಅವರು ಗೊತ್ತಿರಬಹುದು. ಹಲಸೂರಿನಲ್ಲಿದ್ದು, ಪರೀಕ್ಷೆ ಬರೆದು, ಕಳೆದ ವರ್ಷ ಕೆಲಸ ಸಿಕ್ಕಿ ಬೇರೆ ಊರಿಗೆ ಹೋದವರು. ಈಗ ನಿಮ್ಮ ಕಚೇರಿಯಲ್ಲಿ, ನಿಮ್ಮ ಬೀದಿಯಲ್ಲಿ ಇರಬಹುದು. ಗೊತ್ತಿದ್ದರೆ ಈ ಪುಟಗಳನ್ನು ಅವರಿಗೆ ಓದಿ ಹೇಳಿ. ಅವರ ಕಥೆಯನ್ನು ನಾವು ತಪ್ಪಾಗಿ ತೆಗೆದೆವು, ತೆಗೆಸಿದವಳು ನಾನು ಎಂಬುದನ್ನೂ ಬಿಡದೆ ಓದಿ.

ಸರ್, ಅವಳಿಗೆ ಬೇಸರವಾಗಲಿಲ್ಲ. ಮದುವೆಯಾಗಲಿಲ್ಲ. ನೀವು ಏನೂ ಅನ್ನಲಿಲ್ಲ. ಆ ಮಂಗಳವಾರ ಸಂಜೆ ಆರು ಗಂಟೆಗೆ ಅವಳು ಆಸ್ಪತ್ರೆಯಲ್ಲಿದ್ದಳು, ಶನಿವಾರ ಹೋದಳು. ಇದನ್ನು ನಿಮಗೆ ಹೇಳಬೇಕಾದವರು ನಾವು. ಮೂರು ವರ್ಷ ತಡವಾಯಿತು.

ಅವಳು ಓದಿದ ರೆಕಾರ್ಡಿಂಗ್ ನಿಮ್ಮ ಹತ್ತಿರ ಇನ್ನೂ ಇದ್ದರೆ, ಈ ಪತ್ರಿಕೆಯ ವಿಳಾಸಕ್ಕೆ ಒಂದು ಸಾಲು ಬರೆಸಿ. ನಮ್ಮ ಮನೆಯಲ್ಲಿ ಅವಳ ಫೋಟೊಗಳಿವೆ, ಧ್ವನಿ ಇಲ್ಲ. ಅಮ್ಮನಿಗೆ ಯಾವ ಪುಟವಾದರೂ ಸರಿ.